ಎರಡಕ್ಷರದ ಫಸಲು: ಡಾಟ್ ಎಐ ಹಣ ಯಾರ ಮನೆಗೆ ಹೋಗುತ್ತದೆ?

ಪ್ರಶ್ನೆ: ನನ್ನ ಮಗಳು ಬೆಂಗಳೂರಿನಲ್ಲಿ ಗೆಳತಿಯರೊಂದಿಗೆ ಸೇರಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದಾಳೆ. ಅದರ ಜಾಲತಾಣದ ಹೆಸರು 'ಡಾಟ್ ಎಐ' ಎಂದು ಮುಗಿಯುತ್ತದೆ. ಅದು ಕೃತಕ ಬುದ್ಧಿಮತ್ತೆಯ ಗುರುತು ಎಂದುಕೊಂಡಿದ್ದೆ. ಅಲ್ಲ, ಅದು ಅಂಗ್ವಿಲಾ ಎಂಬ ದ್ವೀಪದ ಗುರುತು, ನಾವು ಕಟ್ಟುವ ಹಣ ಅಲ್ಲಿಗೇ ಹೋಗುತ್ತದೆ ಎಂದು ಅವಳು ಹೇಳಿದಳು. ಒಂದು ಪುಟ್ಟ ದ್ವೀಪಕ್ಕೆ ಈ ಹಕ್ಕು ಬಂದದ್ದು ಹೇಗೆ? ಹಣ ಅಲ್ಲಿನ ಜನರಿಗೆ ನಿಜವಾಗಿ ಸಿಗುತ್ತದೆಯೇ, ನಡುವಿನವರು ನುಂಗುತ್ತಾರೆಯೇ? ನಾಳೆ ಆ ದ್ವೀಪಕ್ಕೆ ಏನಾದರೂ ಆದರೆ ಮಗಳ ವಿಳಾಸದ ಗತಿ ಏನು?
— ಚನ್ನಗಿರಿಯ ಓದುಗರೊಬ್ಬರು, ನಿವೃತ್ತ ಶಿಕ್ಷಕರು, ಅಡಿಕೆ ಬೆಳೆಗಾರರು

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. ಇಂಟರ್ನೆಟ್ ವಿಳಾಸಗಳ ನೋಂದಣಿಯ ಕೆಲಸದಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದಿದ್ದೇನೆ. ಹೆಸರು ಸಿಕ್ಕಿತೇ, ಎಷ್ಟಾಗುತ್ತದೆ ಎಂದು ಕೇಳುವವರೇ ಎಲ್ಲರೂ. ಕೊಟ್ಟ ಹಣ ಯಾರಿಗೆ ಸೇರಿತು ಎಂದು ಕೇಳಿದವರು ಬೆರಳೆಣಿಕೆಯಷ್ಟು. ಹಾಗಾಗಿ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಮೊದಲು ಆ ದ್ವೀಪವನ್ನು ನೋಡೋಣ. ಅಂಗ್ವಿಲಾ ಇರುವುದು ಪೂರ್ವ ಕೆರಿಬಿಯನ್ ಸಮುದ್ರದಲ್ಲಿ. ಉದ್ದ ಸುಮಾರು 26 ಕಿಲೋಮೀಟರ್, ಅಗಲ ಐದರಷ್ಟು. ನಿಮ್ಮ ಚನ್ನಗಿರಿ ಪಟ್ಟಣದಲ್ಲಿರುವಷ್ಟು ಜನವೂ ಅಲ್ಲಿಲ್ಲ. ಹದಿನಾರು ಸಾವಿರದ ಆಸುಪಾಸು. ಹಾವುಮೀನಿನ ಹಾಗೆ ಸಪೂರಾಗಿ ಉದ್ದಕ್ಕೆ ಚಾಚಿಕೊಂಡಿರುವುದರಿಂದ ಆ ಮೀನಿನ ಹೆಸರೇ ಅದಕ್ಕೆ ಬಿದ್ದಿದೆ. ನೆಲ ಸುಣ್ಣಕಲ್ಲಿನದು, ಮೇಲೆ ತೆಳುವಾದ ಮಣ್ಣು, ನದಿಯೆಂಬುದಿಲ್ಲ. ಸುತ್ತಲ ದ್ವೀಪಗಳಲ್ಲಿ ಕಬ್ಬಿನ ತೋಟಗಳು ಎದ್ದು ನಿಂತಾಗಲೂ ಇಲ್ಲಿ ಕಬ್ಬು ಸರಿಯಾಗಿ ಕೈಹಿಡಿಯಲಿಲ್ಲ. ಜನ ಉಪ್ಪು ತೆಗೆದರು, ಮೀನು ಹಿಡಿದರು, ದೋಣಿ ಕಟ್ಟಿದರು, ಕೂಲಿ ಅರಸಿ ಬೇರೆ ದ್ವೀಪಗಳಿಗೆ ಹೋದರು. ಈಗಿನ ಮುಖ್ಯ ಆದಾಯ ಬಿಳಿ ಮರಳಿನ ಕಡಲತೀರಗಳಿಗೆ ಬರುವ ಪ್ರವಾಸಿಗರದು. ಅದೂ ಚಂಡಮಾರುತದ ದಯೆಯಲ್ಲಿರುವ ಆದಾಯ. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಎಂಬ ಚಂಡಮಾರುತ ದ್ವೀಪದ ಮೇಲೆಯೇ ಹಾದುಹೋದಾಗ ಮನೆ, ಶಾಲೆ, ಆಸ್ಪತ್ರೆ, ವಿಮಾನ ನಿಲ್ದಾಣ ಎಲ್ಲವೂ ಬಲವಾದ ಪೆಟ್ಟು ತಿಂದವು.

ಇಂಥ ನೆಲಕ್ಕೆ 'ಎಐ' ಎಂಬ ಎರಡಕ್ಷರ ಸಿಕ್ಕಿದ ಬಗೆ ಸ್ವಾರಸ್ಯವಾದದ್ದು.

1974ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಪ್ರಪಂಚದ ದೇಶಗಳಿಗೂ ಆಡಳಿತ ಪ್ರದೇಶಗಳಿಗೂ ಎರಡೆರಡು ಅಕ್ಷರದ ಸಂಕೇತಗಳ ಪಟ್ಟಿಯೊಂದನ್ನು ಮಾಡಿತು. ಆ ಪಟ್ಟಿಯಲ್ಲಿ 'ಎಐ' ಇತ್ತು, ಆದರೆ ಅಂಗ್ವಿಲಾಕ್ಕಲ್ಲ. ಆಫ್ರಿಕಾದ ಪೂರ್ವ ಕರಾವಳಿಯಲ್ಲಿ ಫ್ರೆಂಚರ ಕೈಯಲ್ಲಿದ್ದ 'ಅಫಾರ್ ಮತ್ತು ಇಸ್ಸಾ' ಜನಾಂಗಗಳ ಪ್ರದೇಶಕ್ಕೆ ಅದು ಸೇರಿತ್ತು. ಆ ಪ್ರದೇಶ 1977ರಲ್ಲಿ ಸ್ವತಂತ್ರವಾಗಿ ಜಿಬೂಟಿ ಎಂಬ ಹೆಸರಿಟ್ಟುಕೊಂಡಿತು, 'ಡಿಜೆ' ಎಂಬ ಹೊಸ ಸಂಕೇತ ಪಡೆಯಿತು. 'ಎಐ' ಖಾಲಿಯಾಯಿತು.

ಅತ್ತ ಕೆರಿಬಿಯನ್‌ನಲ್ಲಿ ಬೇರೆಯೇ ಜಗಳ ನಡೆದಿತ್ತು. ಬ್ರಿಟನ್ ತನ್ನ ಆಡಳಿತದ ಅನುಕೂಲಕ್ಕಾಗಿ ಅಂಗ್ವಿಲಾವನ್ನು ಸೇಂಟ್ ಕಿಟ್ಸ್ ಮತ್ತು ನೆವಿಸ್ ಎಂಬ ದ್ವೀಪಗಳ ಜೊತೆ ಒಂದೇ ಹಗ್ಗಕ್ಕೆ ಕಟ್ಟಿತ್ತು. ದೂರದ ಸೇಂಟ್ ಕಿಟ್ಸ್ ತಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ ಎಂಬುದು ಅಂಗ್ವಿಲಾದವರ ಕೊರಗು. 1967ರ ಮೇ ತಿಂಗಳಲ್ಲಿ ಅವರು ಸೇಂಟ್ ಕಿಟ್ಸ್‌ನ ಪೊಲೀಸರನ್ನೇ ದ್ವೀಪದಿಂದ ಹೊರಗೆ ಕಳಿಸಿದರು. 1969ರ ಮಾರ್ಚ್‌ನಲ್ಲಿ ಬ್ರಿಟಿಷ್ ಸೈನಿಕರು ಬಂದಿಳಿದರು. ಈ ಜನ ಕೇಳುತ್ತಿದ್ದದ್ದು ಬ್ರಿಟನ್ನಿನಿಂದ ಬಿಡುಗಡೆಯನ್ನಲ್ಲ, ಸೇಂಟ್ ಕಿಟ್ಸ್‌ನ ಹಂಗಿನಿಂದ ಬಿಡುಗಡೆಯನ್ನು. 1980ರಲ್ಲಿ ಕಾನೂನಿನ ಪ್ರಕಾರವೂ ಅಂಗ್ವಿಲಾ ಸೇಂಟ್ ಕಿಟ್ಸ್‌ನಿಂದ ಬೇರೆಯಾಯಿತು. ಅದಾದ ಮೇಲೆ ಮಾನಕ ಸಂಸ್ಥೆಯ ಪಟ್ಟಿಯಲ್ಲಿ ಖಾಲಿ ಬಿದ್ದಿದ್ದ 'ಎಐ' ಅದಕ್ಕೆ ಸಿಕ್ಕಿತು. ಆ ಸಣ್ಣ ದ್ವೀಪದ ಜನ ಹಟ ಹಿಡಿಯದೆ ಹೋಗಿದ್ದರೆ ಇವತ್ತಿಗೂ ಸೇಂಟ್ ಕಿಟ್ಸ್‌ನ 'ಕೆಎನ್' ಸಂಕೇತದ ಅಡಿಯಲ್ಲೇ ಇರುತ್ತಿದ್ದರು. ಇಂದು ಅವರ ಕೈಸೇರುತ್ತಿರುವ ಹಣವನ್ನು ಬರಿಯ ಅದೃಷ್ಟ ಎಂದು ಯಾರಾದರೂ ಹೇಳಿದಾಗ ನನಗೆ 1967ರ ಆ ಮೇ ತಿಂಗಳು ನೆನಪಾಗುತ್ತದೆ.

ಇಂಟರ್ನೆಟ್ಟಿಗೆ ಈ ಪಟ್ಟಿ ಬಂದದ್ದು, ಅದರ ವಿಳಾಸಗಳ ಲೆಕ್ಕ ನೋಡಿಕೊಳ್ಳುತ್ತಿದ್ದ ಅಮೆರಿಕದ ತಜ್ಞ ಜಾನ್ ಪೋಸ್ಟೆಲ್ ಮತ್ತು ಅವರ ಸಂಗಡಿಗರಿಂದ. ವಿಳಾಸ ವ್ಯವಸ್ಥೆ ರೂಪುಗೊಳ್ಳುತ್ತಿದ್ದ ಎಂಬತ್ತರ ದಶಕದಲ್ಲಿ ಯಾವುದು ದೇಶ, ಯಾವುದು ಅಲ್ಲ ಎಂಬ ತಗಾದೆ ಏಳುವುದು ಖಚಿತವಾಗಿತ್ತು. ಪೋಸ್ಟೆಲ್ ಅದನ್ನು ಮೈಮೇಲೆ ಎಳೆದುಕೊಳ್ಳಲಿಲ್ಲ. ಮಾನಕ ಸಂಸ್ಥೆಯ ಪಟ್ಟಿ ಈಗಾಗಲೇ ಇದೆ, ಅದರಲ್ಲಿದ್ದರೆ ಸರಿ ಎಂದರು. ದೇಶ ಯಾವುದೆಂದು ನಿರ್ಣಯಿಸುವುದು ನಮ್ಮ ಕೆಲಸವಲ್ಲ ಎಂಬ ಈ ಮಾತನ್ನು 1994ರಲ್ಲಿ ಬರೆದೇ ಇಟ್ಟರು. ಆ ಒಂದು ತೀರ್ಮಾನದಿಂದ ನೂರು ಕೋಟಿಗೂ ಹೆಚ್ಚು ಜನರ ಭಾರತಕ್ಕೆ ಒಂದು 'ಡಾಟ್ ಇನ್' ಸಿಕ್ಕಿದಂತೆಯೇ ಪೆಸಿಫಿಕ್ ಸಾಗರದಲ್ಲಿರುವ, ಸಾವಿರದೈನೂರು ಜನರ ಟೊಕೆಲಾವಿಗೂ ಒಂದು 'ಡಾಟ್ ಟಿಕೆ' ಸಿಕ್ಕಿತು.

ಅಂಗ್ವಿಲಾದ ಹೆಸರು ಇಂಟರ್ನೆಟ್ಟಿನ ಮೂಲ ದಾಖಲೆಗೆ ಸೇರಿದ್ದು 1995ರ ಫೆಬ್ರವರಿ 16ರಂದು. ಅದರ ಹಿಂದಿನ ವರ್ಷ ಅಮೆರಿಕದಿಂದ ಬಂದು ನೆಲೆಸಿದ್ದ ವಿನ್ಸ್ ಕೇಟ್ ಎಂಬ ಕಂಪ್ಯೂಟರ್ ತಜ್ಞರು ಅದರ ತಾಂತ್ರಿಕ ಹೊಣೆ ಹೊತ್ತರು. ದೊಡ್ಡ ಕಟ್ಟಡವಿಲ್ಲ, ಸಿಬ್ಬಂದಿಯ ಸಾಲಿಲ್ಲ. ವರ್ಷಾನುಗಟ್ಟಲೆ ಆ ಮನುಷ್ಯ ತನ್ನ ಮನೆಯಿಂದಲೇ ಅದನ್ನು ನಡೆಸಿದರು. ಮೊದಮೊದಲು ಕೇಳುವವರೂ ಇರಲಿಲ್ಲ. 2009ರಲ್ಲಿ ಪ್ರಪಂಚದ ಯಾರು ಬೇಕಾದರೂ ನೇರವಾಗಿ ಡಾಟ್ ಎಐ ಹೆಸರು ಪಡೆಯಬಹುದು ಎಂದು ತೆರೆದಿಟ್ಟರು. 2022ರ ನವೆಂಬರ್ 30ರಂದು ಕೃತಕ ಬುದ್ಧಿಮತ್ತೆಯ ಚಾಟ್‌ಜಿಪಿಟಿ ಬಂದಿತು. ಆಮೇಲೆ ಬಾಗಿಲ ಮುಂದೆ ಸಾಲು.

ಲೆಕ್ಕವನ್ನು ಹತ್ತಿರದಿಂದ ನೋಡೋಣ, ನೀವು ಮೇಷ್ಟರು. 2022ರಲ್ಲಿ ಡಾಟ್ ಎಐ ಹೆಸರುಗಳು ಸುಮಾರು 1.44 ಲಕ್ಷ ಇದ್ದವು. 2023ರಲ್ಲಿ 3.54 ಲಕ್ಷ. ಆಗ ಎರಡು ವರ್ಷದ ಶುಲ್ಕ 140 ಡಾಲರ್, ಎರಡು ವರ್ಷಕ್ಕಿಂತ ಕಡಿಮೆ ಅವಧಿಗೆ ಕೊಡುತ್ತಲೇ ಇರಲಿಲ್ಲ. ವರ್ಷಕ್ಕೆ ತಲಾ 70 ಡಾಲರ್ ಎಂದು ಹಿಡಿದು ಗುಣಿಸಿದರೆ ಸುಮಾರು 2.5 ಕೋಟಿ ಡಾಲರ್. ಇದರ ಮೇಲೆ ಹರಾಜಿನ ಹಣ. ನವೀಕರಿಸದೆ ಕೈಬಿಟ್ಟ ಹೆಸರುಗಳನ್ನು ಅವರು ಹರಾಜು ಹಾಕುತ್ತಾರೆ. ಎಲ್ಲ ಸೇರಿ 2023ರಲ್ಲಿ ದ್ವೀಪದ ಸರ್ಕಾರಕ್ಕೆ ಬಂದದ್ದು ಸುಮಾರು 3.2 ಕೋಟಿ ಡಾಲರ್, ಆಗಿನ ದರದಲ್ಲಿ ಸುಮಾರು 260 ಕೋಟಿ ರೂಪಾಯಿ. ದ್ವೀಪದ ತಲೆಗೊಂದರಂತೆ ಹಂಚಿದರೆ ಎರಡು ಸಾವಿರ ಡಾಲರ್. ಸರ್ಕಾರದ ಒಟ್ಟು ಆದಾಯದಲ್ಲಿ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು. ಮರುವರ್ಷ ಅದು 3.9 ಕೋಟಿ ಡಾಲರ್ ಮುಟ್ಟಿತು.

ಎಲ್ಲಕ್ಕಿಂತ ಮುಖ್ಯವಾದದ್ದು, ಈ ಹಣ ಸೇರಿದ್ದು ಸರ್ಕಾರದ ಖಜಾನೆಗೆ. ಬೊಕ್ಕಸಕ್ಕೆ ಬಂದದ್ದು ಜನರಿಗೆ ಸಿಕ್ಕಿತೇ ಎಂದು ನೀವು ಕೇಳಿಯೇ ಕೇಳುತ್ತೀರಿ. ಎಪ್ಪತ್ತು ದಾಟಿದವರಿಗೆ ಉಚಿತ ವೈದ್ಯಕೀಯ ಸೇವೆ, ಅರ್ಧಕ್ಕೆ ನಿಂತಿದ್ದ ಶಾಲೆಯ ಕಟ್ಟಡ, ಕಸುಬು ಕಲಿಸುವ ಕೇಂದ್ರ, ಇವಕ್ಕೆ ಈ ಹಣ ಬಳಸುತ್ತಿರುವುದಾಗಿ ಆಗಿನ ಪ್ರೀಮಿಯರ್, ಅಂದರೆ ಸರ್ಕಾರದ ಮುಖ್ಯಸ್ಥ, ಎಲಿಸ್ ವೆಬ್‌ಸ್ಟರ್ ಹೇಳಿದ್ದರು. ಮಗಳ ಶುಲ್ಕದ ಒಂದು ಪಾಲು ಅಲ್ಲಿ ಯಾವುದೋ ಅಜ್ಜಿಯ ಔಷಧಿಗೆ ಸಂದಿರಬಹುದು.

ಈಗ ನೀವು ಕೇಳಿದ ನಡುವಿನವರ ವಿಷಯ. ಇದೇ ನಿಮ್ಮ ಪ್ರಶ್ನೆಯ ತಿರುಳು ಎಂದು ನನಗೆ ಅನಿಸುತ್ತದೆ, ಏಕೆಂದರೆ ಎರಡಕ್ಷರದ ಭಾಗ್ಯ ಅಂಗ್ವಿಲಾಕ್ಕೆ ಮಾತ್ರ ಒಲಿದದ್ದಲ್ಲ. ಬೇರೆ ಸಣ್ಣ ನೆಲಗಳಿಗೂ ಒಲಿಯಿತು, ಆದರೆ ಕೈಗೆ ಬಂದ ಪಾಲು ಬೇರೆ ಬೇರೆ.

ನೀವು ಅಡಿಕೆ ಬೆಳೆಗಾರರು, ಚೇಣಿಯ ವ್ಯವಹಾರ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಾಯಿ ಮರದಲ್ಲಿರುವಾಗಲೇ ಇಂತಿಷ್ಟು ಎಂದು ಮಾತಾಡಿ ಫಸಲನ್ನು ಚೇಣಿದಾರನಿಗೆ ಒಪ್ಪಿಸಿಬಿಟ್ಟರೆ ಕೊಯ್ಲಿನ ಚಿಂತೆಯಿಲ್ಲ, ಬೇಯಿಸಿ ಒಣಗಿಸುವ ಗೋಳಿಲ್ಲ, ಕೈಗೆ ಕಾಸು ಬರುತ್ತದೆ. ಆಮೇಲೆ ಧಾರಣೆ ಏರಿದರೆ ಏರಿದ್ದೆಲ್ಲ ಚೇಣಿದಾರನಿಗೆ. ಪೆಸಿಫಿಕ್ ಸಾಗರದ ಟುವಾಲು ತನ್ನ 'ಡಾಟ್ ಟಿವಿ'ಯನ್ನು ಕೊಟ್ಟದ್ದು ಹೀಗೆಯೇ. ಒಂಬತ್ತು ದ್ವೀಪ, ಒಟ್ಟು 26 ಚದರ ಕಿಲೋಮೀಟರ್ ನೆಲ, ಹನ್ನೊಂದು ಸಾವಿರದಷ್ಟು ಜನ. 2000ದಲ್ಲಿ, ಹನ್ನೆರಡು ವರ್ಷಗಳಲ್ಲಿ ತನಗೆ 5 ಕೋಟಿ ಡಾಲರ್ ಕೊಡಬೇಕೆಂಬ ಕರಾರಿನ ಮೇಲೆ ಒಂದು ಅಮೆರಿಕನ್ ಕಂಪನಿಗೆ ಹಕ್ಕು ಬಿಟ್ಟುಕೊಟ್ಟಿತು. ಆ ಹಣದ ಬಲದಿಂದಲೇ ಅದೇ ವರ್ಷ ಸೆಪ್ಟೆಂಬರ್ 5ರಂದು ವಿಶ್ವಸಂಸ್ಥೆಯ 189ನೇ ಸದಸ್ಯ ರಾಷ್ಟ್ರವಾಯಿತು. ಸದಸ್ಯತ್ವದ ಖರ್ಚು ಭರಿಸಲು ಅದಕ್ಕೆ ಅಲ್ಲಿಯವರೆಗೆ ಶಕ್ತಿಯಿರಲಿಲ್ಲ. ಹಾಗಾಗಿ ಟುವಾಲು ಮೋಸಹೋಯಿತು ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಸಮುದ್ರ ಮಟ್ಟ ಏರಿದರೆ ಮೊದಲು ಮುಳುಗುವ ನಾಡುಗಳಲ್ಲಿ ತಾನೊಂದು ಎಂದು ಅರಿತ ದೇಶಕ್ಕೆ ಆ ವೇದಿಕೆಯಲ್ಲಿ ಒಂದು ಕುರ್ಚಿ ಸಿಕ್ಕಿದ್ದು ಸಣ್ಣ ಮಾತಲ್ಲ. ಆದರೆ ಆಮೇಲೆ ಇಂಟರ್ನೆಟ್ಟಿನಲ್ಲಿ ವಿಡಿಯೊ ನೋಡುವ ಕಾಲ ಬಂದಿತು. ಆಟ ಆಡುವುದನ್ನೇ ಕೋಟ್ಯಂತರ ಜನ ಕುಳಿತು ನೋಡುವ ಟ್ವಿಚ್‌ನಂಥ ತಾಣಗಳು ಡಾಟ್ ಟಿವಿಯಲ್ಲಿ ಬೆಳೆದವು. ಧಾರಣೆ ಏರಿದಷ್ಟು ವೇಗದಲ್ಲಿ ಟುವಾಲುವಿನ ಪಾಲು ಏರಲಿಲ್ಲ. 2021ರಲ್ಲಿ ಹೊಸ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡ ಮೇಲೆ ಸ್ಥಿತಿ ಸುಧಾರಿಸಿತು.

ಟೊಕೆಲಾವಿನದು ಇನ್ನೊಂದು ಬಗೆ. ನ್ಯೂಜಿಲೆಂಡಿಗೆ ಸೇರಿದ ಮೂರು ಹವಳದ ದ್ವೀಪಗಳವು. ವಿಮಾನ ಇಳಿಯುವ ಜಾಗವಿಲ್ಲ, ಸಮೋವಾದಿಂದ ಹಡಗಿನಲ್ಲಿ ಒಂದು ದಿನಕ್ಕೂ ಹೆಚ್ಚಿನ ಪ್ರಯಾಣ. ಅದರ ಡಾಟ್ ಟಿಕೆ ಹೆಸರುಗಳನ್ನು ಒಬ್ಬ ಡಚ್ ಉದ್ಯಮಿ ಪುಕ್ಕಟೆಯಾಗಿ ಹಂಚಿದ. ಪುಕ್ಕಟೆ ಎಂದೊಡನೆ ಕೋಟಿಗಟ್ಟಲೆ ಹೆಸರುಗಳು ನೋಂದಣಿಯಾದವು. ಒಂದು ಕಾಲಕ್ಕೆ ಹೆಸರುಗಳ ಸಂಖ್ಯೆಯಲ್ಲಿ ಪ್ರಪಂಚದ ದೇಶ ಸಂಕೇತಗಳಲ್ಲೇ ಅದು ಮೊದಲನೆಯದಾಗಿತ್ತು. ಪುಕ್ಕಟೆ ಸಿಕ್ಕಿದ್ದನ್ನು ಮೊದಲು ಹುಡುಕಿ ಬಂದವರು ವಂಚಕರು. ಬ್ಯಾಂಕಿನ ಹೆಸರಿನಲ್ಲಿ ನಕಲಿ ತಾಣ, ಪಾಸ್‌ವರ್ಡ್ ಕದಿಯುವ ಪುಟ, ಬೇಡದ ಮೇಲ್‌ಗಳ ರಾಶಿ. ನಾನು ಕೆಲಸ ಮಾಡುತ್ತಿದ್ದ ಕಡೆ ಡಾಟ್ ಟಿಕೆಯಿಂದ ಬಂದ ಪತ್ರಗಳನ್ನು ನೋಡದೆಯೇ ತಡೆಹಿಡಿಯುವ ನಿಯಮ ಹಾಕಿದ್ದೆವು. ಆ ದ್ವೀಪದ ಒಬ್ಬ ಮೀನುಗಾರನೋ ಶಿಕ್ಷಕಿಯೋ ತನ್ನ ಊರಿನ ಹೆಸರಿನಲ್ಲಿ ಪತ್ರ ಬರೆದಿದ್ದರೆ ಅದನ್ನೂ ನಾವು ಬಿಡುತ್ತಿರಲಿಲ್ಲ. ಈಗ ನೆನೆದರೆ ಮನಸ್ಸಿಗೆ ಹಿಂಸೆಯಾಗುತ್ತದೆ. 2023ರಲ್ಲಿ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿ ಆ ಉದ್ಯಮಿಯ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿತು, ಪುಕ್ಕಟೆ ಹಂಚಿಕೆ ನಿಂತಿತು. ಹೆಸರಿಗೆ ಅಂಟಿದ ಕಳಂಕ ಮಾತ್ರ ದ್ವೀಪದವರಿಗೆ ಉಳಿಯಿತು.

ನಿಯುವೆ ಎಂಬ ಇನ್ನೊಂದು ಪೆಸಿಫಿಕ್ ದ್ವೀಪದ 'ಡಾಟ್ ಎನ್‌ಯು' ಸ್ವೀಡನ್ನಿನಲ್ಲಿ ಬಹಳ ಜನಪ್ರಿಯ, ಏಕೆಂದರೆ ಅವರ ಭಾಷೆಯಲ್ಲಿ 'ನು' ಎಂದರೆ 'ಈಗ'. ಅದನ್ನು ಈಗ ನಡೆಸುತ್ತಿರುವುದೂ ಸ್ವೀಡನ್ನಿನ ಸಂಸ್ಥೆಯೇ. ತನ್ನ ಸಂಕೇತ ತನಗೆ ಮರಳಬೇಕೆಂದು ನಿಯುವೆ ಸರ್ಕಾರ ಸ್ವೀಡನ್ನಿನ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಇವೆಲ್ಲವನ್ನೂ ಮೀರಿದ ನೋವಿನ ಕಥೆ 'ಡಾಟ್ ಐಒ' ಎಂಬುದರದು. ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ಅದು ಚೆನ್ನಾಗಿ ಪರಿಚಿತ. ಕಂಪ್ಯೂಟರಿಗೆ ಒಳಬರುವ, ಹೊರಹೋಗುವ ಮಾಹಿತಿಯನ್ನು ಇಂಗ್ಲಿಷಿನಲ್ಲಿ ಐಒ ಎಂದು ಕರೆಯುವುದರಿಂದ ಅವರಿಗೆ ಆ ಹೆಸರು ಪ್ರಿಯ. ಅದು ಸೇರಿರುವುದು ನಮ್ಮದೇ ಸಾಗರದಲ್ಲಿ, ಮಾಲ್ಡೀವ್ಸ್‌ನ ದಕ್ಷಿಣಕ್ಕಿರುವ ಚಾಗೋಸ್ ದ್ವೀಪಸಮೂಹಕ್ಕೆ. ಬ್ರಿಟನ್ ಆ ದ್ವೀಪಗಳನ್ನು 1965ರಲ್ಲಿ ಮಾರಿಷಸ್‌ನಿಂದ ಬೇರ್ಪಡಿಸಿ, ಡಿಯೆಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾ ನೆಲೆಗೆ ಜಾಗ ಮಾಡಿಕೊಡಲು 1973ರ ಹೊತ್ತಿಗೆ ಅಲ್ಲಿನ ಜನರನ್ನೆಲ್ಲ ಹಡಗಿಗೆ ಹತ್ತಿಸಿ ಮಾರಿಷಸ್, ಸೇಶೆಲ್ಸ್ ಕಡೆ ಸಾಗಿಸಿತು. ಅವರ ನಾಡಿನ ಸಂಕೇತ ಆಮೇಲೆ ಪ್ರಪಂಚದಾದ್ಯಂತ ಮಾರಾಟವಾಯಿತು. ಊರು ಕಳೆದುಕೊಂಡವರು ತಮ್ಮ ಪಾಲಿಗಾಗಿ ಇನ್ನೂ ಕೇಳುತ್ತಲೇ ಇದ್ದಾರೆ. ಡಾಟ್ ಐಒ ಹೆಸರು ಕೊಳ್ಳುವ ಪ್ರತಿಯೊಬ್ಬ ಎಂಜಿನಿಯರಿಗೂ ಈ ಸಂಗತಿ ಗೊತ್ತಿರಬೇಕು ಎಂಬುದು ನನ್ನ ಆಸೆ.

ಇವರೆಲ್ಲರ ನಡುವೆ ಅಂಗ್ವಿಲಾ ಎದ್ದು ಕಾಣುವುದು ಈ ಕಾರಣಕ್ಕೆ: ಅದು ತೋಟವನ್ನು ಚೇಣಿಗೆ ಕೊಡಲಿಲ್ಲ. ಕೊಯ್ಲು ಸಣ್ಣದಿದ್ದಾಗಲೂ ತಾನೇ ಕೊಯ್ದುಕೊಂಡಿತು. ಬೇಡಿಕೆ ಹೆಚ್ಚಿದ ದಿನ ಅದರ ಲಾಭ ನೇರವಾಗಿ ಮನೆಗೆ ಬಂದಿತು. ಈಚೆಗೆ, 2025ರ ಆರಂಭದಿಂದ, ತಾಂತ್ರಿಕ ನಿರ್ವಹಣೆಯನ್ನು ಐಡೆಂಟಿಟಿ ಡಿಜಿಟಲ್ ಎಂಬ ಅಮೆರಿಕನ್ ಕಂಪನಿಗೆ ವಹಿಸಿದೆ. ಅದು ಇಟ್ಟುಕೊಳ್ಳುವುದು ಆದಾಯದ ಹತ್ತರಲ್ಲಿ ಒಂದು ಪಾಲಿನಷ್ಟು, ಉಳಿದದ್ದು ದ್ವೀಪಕ್ಕೆ. ಇದು ಕೊಯ್ಲಿನ ಕೂಲಿ ಕೊಟ್ಟ ಹಾಗೆ, ಫಸಲು ಇನ್ನೂ ಯಜಮಾನನದೇ. ಹಿಂದೆ ದ್ವೀಪದಲ್ಲೇ ಇದ್ದ ಯಂತ್ರಗಳ ಕೆಲಸ ಈಗ ಪ್ರಪಂಚದ ಹಲವೆಡೆ ಹರಡಿರುವ ಸರ್ವರ್‌ಗಳಿಗೆ ಸಾಗಿದೆ. ಇನ್ನೊಂದು ಇರ್ಮಾ ಬಂದು ದ್ವೀಪದ ವಿದ್ಯುತ್ ಹೋದರೂ ನಿಮ್ಮ ಮಗಳ ಜಾಲತಾಣಕ್ಕೆ ತೊಂದರೆಯಾಗುವುದಿಲ್ಲ. ಅಂದಹಾಗೆ ಅವಳ ಜಾಲತಾಣದ ಪುಟಗಳು ಅಂಗ್ವಿಲಾದಲ್ಲಿ ಇರುವುದೂ ಇಲ್ಲ. 'ಈ ಹೆಸರಿನವರು ಎಲ್ಲಿದ್ದಾರೆ' ಎಂದು ಕೇಳಿದವರಿಗೆ ದಾರಿ ತೋರಿಸುವ ಒಂದು ಸಾಲಿನ ಬರಹ ಮಾತ್ರ ಡಾಟ್ ಎಐ ದಫ್ತರಿನಲ್ಲಿರುತ್ತದೆ.

ವಿಳಾಸ ರದ್ದಾಗುವ ಭಯದ ಬಗ್ಗೆ: ಎರಡಕ್ಷರದ ಸಂಕೇತ ಆ ಪಟ್ಟಿಯಿಂದ ಬಿದ್ದುಹೋದರೆ ಇಂಟರ್ನೆಟ್ಟಿನಿಂದಲೂ ಅದನ್ನು ತೆಗೆಯುವ ಕ್ರಮವಿದೆ. ಯುಗೊಸ್ಲಾವಿಯದ 'ಡಾಟ್ ವೈಯು' ಹಾಗೆ ಹೋಯಿತು, ಆದರೆ ಆ ದೇಶದ ಹೆಸರು ಹೋದದ್ದು 2003ರಲ್ಲಿ, ವಿಳಾಸ ಅಳಿಸಿದ್ದು 2010ರಲ್ಲಿ. ಚಾಗೋಸ್ ದ್ವೀಪಗಳನ್ನು ಮಾರಿಷಸ್‌ಗೆ ಒಪ್ಪಿಸುವ ಒಪ್ಪಂದಕ್ಕೆ ಬ್ರಿಟನ್ 2025ರ ಮೇ 22ರಂದು ಸಹಿ ಹಾಕಿರುವುದರಿಂದ ಡಾಟ್ ಐಒ ಹೆಸರಿನವರು ಸುದ್ದಿ ಗಮನಿಸುತ್ತಿರುವುದು ಒಳ್ಳೆಯದು. ಅಂಗ್ವಿಲಾದ ಮುಂದೆ ಅಂಥ ಪ್ರಶ್ನೆಯೇ ಇಲ್ಲ. ಜನ ಅಲ್ಲೇ ಇದ್ದಾರೆ, ಸರ್ಕಾರವಿದೆ, ಸಂಕೇತ ಅವರ ಕೈಯಲ್ಲಿದೆ. ಶುಲ್ಕ ಏರಬಹುದು, ಆ ಅಧಿಕಾರ ಅವರಿಗಿದೆ. ನಿಮ್ಮ ಮಗಳ ಹೆಸರನ್ನೇ ಬೇರೆ ಯಾರಾದರೂ ತಮ್ಮದೆಂದು ವಾದಿಸಿದರೆ ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯ ಮುಂದೆ ತೀರ್ಮಾನ ಮಾಡಿಸಿಕೊಳ್ಳುವ ವ್ಯವಸ್ಥೆಯೂ ಇದೆ.

ನಿಜವಾದ ಅಪಾಯ ಬೇರೆ ಕಡೆ ಇದೆ. ನಾನು ಸಲಹೆ ಕೊಡುತ್ತಿದ್ದ ಒಂದು ಸಣ್ಣ ಸಂಸ್ಥೆ ತನ್ನ ಹೆಸರನ್ನು ಕೆಲಸಕ್ಕಿದ್ದ ಹುಡುಗನ ಸ್ವಂತ ಇ–ಮೇಲ್‌ನಿಂದ ನೋಂದಾಯಿಸಿತ್ತು. ಹುಡುಗ ಕೆಲಸ ಬಿಟ್ಟ, ಅವನ ಕಾರ್ಡಿನ ಅವಧಿಯೂ ಮುಗಿಯಿತು. ನವೀಕರಿಸಿ ಎಂದು ಬಂದ ನಾಲ್ಕು ಎಚ್ಚರಿಕೆಗಳು ಅವನು ತೆರೆಯದ ಅಂಚೆಪೆಟ್ಟಿಗೆಯಲ್ಲಿ ಕುಳಿತವು. ಒಂದು ಸೋಮವಾರ ಬೆಳಗ್ಗೆ ಗ್ರಾಹಕರ ಪತ್ರಗಳು ಬರುವುದು ನಿಂತಾಗಲೇ ಅವರಿಗೆ ತಿಳಿದದ್ದು. ಹೆಸರು ಹರಾಜಿಗೆ ಹೋಯಿತು, ಶುಲ್ಕದ ಹಲವು ಪಟ್ಟು ಹಣ ತೆತ್ತು ಮರಳಿ ಪಡೆದರು.

ಆದ್ದರಿಂದ ಮಗಳಿಗೆ ಹೇಳಿ: ನೋಂದಣಿ ಕಂಪನಿಯ ಹೆಸರಿನಲ್ಲಿದೆಯೇ, ಸಂಪರ್ಕದ ಇ–ಮೇಲ್ ಇಬ್ಬರಾದರೂ ನೋಡುವಂಥದ್ದೇ ಎಂದು ಈ ವಾರವೇ ಪರಿಶೀಲಿಸಲಿ. ಆ ಇ–ಮೇಲ್ ಇದೇ ಡಾಟ್ ಎಐ ಹೆಸರಿನದಾಗಿರಬಾರದು, ಹೆಸರು ನಿಂತ ದಿನ ಅದೂ ನಿಲ್ಲುತ್ತದೆ. ಅವಧಿ ಮುಗಿಯುವ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಲಿ. ಅದೇ ಹೆಸರು ಡಾಟ್ ಇನ್‌ನಲ್ಲಿ ಸಿಕ್ಕರೆ ಅದನ್ನೂ ಕೊಂಡಿಡಲಿ, ಖರ್ಚು ಹೆಚ್ಚಿಲ್ಲ. ನಮ್ಮ ಲಿಪಿಯಲ್ಲೇ 'ಡಾಟ್ ಭಾರತ' ಎಂದು ಮುಗಿಯುವ ಕನ್ನಡ ವಿಳಾಸಗಳೂ ಈಗ ಸಿಗುತ್ತವೆ. ಅವಳ ಕಂಪನಿಯ ಹೆಸರು ಕನ್ನಡದ್ದಾಗಿದ್ದರೆ ಅದು ಇನ್ನೂ ಖಾಲಿ ಇದೆಯೇ ಎಂದು ಒಮ್ಮೆ ನೋಡಲಿ.